ಗದ್ದೆಗೆ ಮಣ್ಣು ಹಾಕಿ ಕಂಬಳದ ಹೆಸರು ಹೇಳಬೇಡಿ

ಕೊಡಗು ಹಾಕಿಯ ತವರು ಅನ್ನುತ್ತಾರೆ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ, ಎ.ಬಿ. ಸುಬ್ಬಯ್ಯ ಎಂದು ಹೆಸರು ಹೇಳುತ್ತ ಹೋದರೆ ಆ ಮಾತನ್ನು ಯಾರೂ ತಳ್ಳಿಹಾಕಲಾರರು. 2016ರ ರಿಯೊ ಒಲಿಂಪಿಕ್ಸಿಗೆ ಹೋದ ಭಾರತದ ಪುರುಷರ ತಂಡದಲ್ಲಿ ರಘುನಾಥ್, ಉತ್ತಪ್ಪ, ಸುನಿಲ್, ನಿಕಿನ್ ತಿಮ್ಮಯ್ಯ ಹೀಗೆ ನಾಲ್ವರು ಆ ಒಂದು ಪುಟ್ಟ ಜಿಲ್ಲೆಯವರೇ ಇದ್ದರು. ಮುಂದಿನ ಒಲಿಂಪಿಕ್ಸ್ ಟೋಕಿಯೊದಲ್ಲಿ. 41 ವರ್ಷಗಳ ಬರ ನೀಗಿ ಭಾರತ ಕಂಚು ಗೆದ್ದಿತು. ಆ ತಂಡದಲ್ಲಿ ಕೊಡಗಿನ ಒಬ್ಬ ಹುಡುಗನೂ ಇರಲಿಲ್ಲ. 2024ರ ಪ್ಯಾರಿಸ್ಸಿನಲ್ಲಿ ಮತ್ತೆ ಕಂಚು, ಮತ್ತೆ ಒಬ್ಬನೂ ಇಲ್ಲ. ಅದೇ 2024ರಲ್ಲಿ ನಾಪೋಕ್ಲುವಿನ ಕೊಡವ ಕೌಟುಂಬಿಕ ಹಾಕಿ ಉತ್ಸವಕ್ಕೆ 360 ಕುಟುಂಬಗಳು ತಂಡ ಕಟ್ಟಿಕೊಂಡು ಬಂದವು, ಗಿನ್ನೆಸ್ ದಾಖಲೆಯಾಯಿತು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಇದನ್ನು ಶುರುಮಾಡಿದಾಗ ಬಂದದ್ದು 60 ಕುಟುಂಬ. ಹಬ್ಬ ಆರು ಪಟ್ಟು ಬೆಳೆದಿದೆ. ದೇಶದ ತಂಡದಲ್ಲಿದ್ದ ಜಾಗ ಖಾಲಿಯಾಗಿದೆ. ತವರು ಎಂಬ ಹೆಸರಿಗೆ ಕೊಡಗು ಈಗಲೂ ಅರ್ಹವೇ ಎಂದು ಅಲ್ಲಿಯವರೇ ನೊಂದು ಕೇಳುತ್ತಾರೆ. ಕೇಳುವ ಎದೆಗಾರಿಕೆಯಾದರೂ ಅವರಿಗಿದೆ.

ನಮಗೆ ಅದೂ ಇಲ್ಲ. ಮಡಿಕೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 275 ಶುರುವಾಗುವುದು ನಮ್ಮ ಬಂಟ್ವಾಳದಲ್ಲಿ. ಆ ದಾರಿಯ ಈ ತುದಿಯಲ್ಲಿ ಕುಳಿತ ನಾವು ಎದೆಯುಬ್ಬಿಸಿ ಹೇಳಿಕೊಳ್ಳುವುದು ಇದು ಕಂಬಳದ ನಾಡು ಎಂದು. ಮೂಡುಬಿದಿರೆಯ ಕಡಲಕೆರೆಯಲ್ಲಿ ಕೋಟಿ-ಚೆನ್ನಯ ಜೋಡುಕರೆ ಕಂಬಳ, ಬೆಳ್ತಂಗಡಿಯ ವೇಣೂರಿನಲ್ಲಿ ಸೂರ್ಯ-ಚಂದ್ರ, ಬಂಟ್ವಾಳದ ಹೊಕ್ಕಾಡಿಗೋಳಿಯಲ್ಲಿ ವೀರ-ವಿಕ್ರಮ, ಅದರಾಚೆ ಕಕ್ಯಪದವು. ನವೆಂಬರಿನಿಂದ ಏಪ್ರಿಲಿನವರೆಗೆ ವಾರಕ್ಕೊಂದು ಊರು. ಹೊನಲು ಬೆಳಕು, ಲೇಸರ್ ತೀರ್ಪು, ಲಕ್ಷ ಬೆಲೆಯ ಕೋಣಗಳು, ವೇದಿಕೆಯಲ್ಲಿ ಸಾಲು ಸಾಲು ಜನನಾಯಕರು. 2023ರ ನವೆಂಬರಿನಲ್ಲಿ ಕೋಣಗಳನ್ನು ಲಾರಿಗೇರಿಸಿ ಬೆಂಗಳೂರಿನ ಅರಮನೆ ಮೈದಾನಕ್ಕೂ ಒಯ್ದರು. ಕಂಬಳ ಇಷ್ಟು ದೊಡ್ಡದಾಗಿ ಹಿಂದೆಂದೂ ನಡೆದಿರಲಿಲ್ಲ. ಅದನ್ನು ಹೆತ್ತ ಗದ್ದೆ ಇಷ್ಟು ವೇಗವಾಗಿ ಹಿಂದೆಂದೂ ಸತ್ತಿರಲಿಲ್ಲ.

ಕಂಬಳ ಮೈದಾನದ ಆಟವಾಗಿ ಹುಟ್ಟಿದ್ದಲ್ಲ. ಏಣೆಲಿನ, ಅಂದರೆ ಮುಂಗಾರಿನ, ಬೆಳೆ ಕೊಯ್ದಾದ ಮೇಲೆ ಎರಡನೆಯದಾದ ಸುಗ್ಗಿ ಬೆಳೆಗೆ ಗದ್ದೆ ಹದಮಾಡುವಾಗ, ಮನೆತನದ ದೊಡ್ಡ ಗದ್ದೆಯಲ್ಲಿ ಊರಿನ ಕೋಣಗಳನ್ನೆಲ್ಲ ಇಳಿಸಿ, ಉತ್ತು, ಹಲಗೆ ಎಳೆದು, ಓಡಿಸಿ, ಆಮೇಲೆ ಬಿತ್ತುವುದು. ಇಂದಿಗೂ ಸ್ಪರ್ಧೆಯ ವಿಭಾಗಗಳ ಹೆಸರು ನೇಗಿಲು, ಹಗ್ಗ, ಅಡ್ಡಹಲಗೆ, ಕನೆಹಲಗೆ. ಎಲ್ಲವೂ ಬೇಸಾಯದ ಸಲಕರಣೆಗಳೇ. ಆ ನೇಗಿಲು ಈಗ ಉಳುವುದಿಲ್ಲ. ಆ ಕೋಣ ಹುರುಳಿ ತಿಂದು, ಎಣ್ಣೆ ತಿಕ್ಕಿಸಿಕೊಂಡು, ಈಜುಕೊಳದಲ್ಲಿ ಮೈತಣಿಸಿಕೊಂಡು ಕರೆಯಲ್ಲಿ ಕೆಲವೇ ಸೆಕೆಂಡು ಓಡುತ್ತದೆ. ಅದನ್ನು ಸಾಕುವವರ ಅಕ್ಕರೆಯನ್ನು ನಾನು ಗೌರವಿಸುತ್ತೇನೆ. ಆದರೆ ಕೋಣಕ್ಕೆ ಸಿಕ್ಕಿದ ಅಕ್ಕರೆಯ ಒಂದು ಪಾಲೂ ಮಣ್ಣಿಗೆ ಸಿಗಲಿಲ್ಲ.

ಗದ್ದೆಯ ಕೊಲೆ ಹೇಗೆ ನಡೆಯುತ್ತದೆ ಎಂಬುದನ್ನು ನೋಡಬೇಕಾದರೆ ಬಿ.ಸಿ. ರೋಡಿನಿಂದ ಮೂಡುಬಿದಿರೆಗೆ, ಅಲ್ಲಿಂದ ವೇಣೂರು ದಾಟಿ ಬೆಳ್ತಂಗಡಿಗೆ ಒಂದು ಸುತ್ತು ಬಂದರೆ ಸಾಕು. ಹಿಟಾಚಿ ಗುಡ್ಡ ಬಗೆಯುತ್ತದೆ, ಟಿಪ್ಪರು ಆ ಮಣ್ಣನ್ನು ಗದ್ದೆಗೆ ತಂದು ಕೆಡವುತ್ತದೆ. ಒಂದೇ ಬಾಡಿಗೆಯಲ್ಲಿ ಎರಡು ಜಾಗ ಹಾಳು. ಮೇಲೆ ಗುಡ್ಡ ಸೀಳಿ ಮುಂದಿನ ಮಳೆಗೆ ಕುಸಿಯಲು ಕಾಯುತ್ತಿರುತ್ತದೆ, ಕೆಳಗೆ ಬೈಲು ಉಸಿರುಕಟ್ಟಿ ಬಿದ್ದಿರುತ್ತದೆ. ಹೆದ್ದಾರಿ ಅಗಲವಾಗಲಿ, ನನಗೆ ತಕರಾರಿಲ್ಲ. ಅಗೆದ ಮಣ್ಣು ಎಲ್ಲಿ ಬೀಳಬೇಕು ಎಂದು ಹೇಳುವವರು ಯಾರೂ ಇಲ್ಲವಲ್ಲ, ಸಿಟ್ಟು ಅದಕ್ಕೆ.

ಬೆಟ್ಟು, ಮಜಲು, ಬೈಲು ಎಂದು ನಮ್ಮ ಹಿರಿಯರು ಗದ್ದೆಗಳನ್ನು ಮೂರು ಮಾಡಿದ್ದು ನೀರಿನ ಲೆಕ್ಕದಲ್ಲಿ. ಬೆಟ್ಟಿನ ನೀರು ಮಜಲಿಗೆ, ಮಜಲಿನದು ಬೈಲಿಗೆ, ಬೈಲಿನದು ತೋಡಿಗೆ, ತೋಡಿನದು ಹೊಳೆಗೆ. ಬೈಲಿನ ತಳದ ಒಂದೇ ಒಂದು ಗದ್ದೆಗೆ ಮಣ್ಣು ತುಂಬಿದರೆ ಮೇಲಿನವರ ನೀರಿಗೆ ದಾರಿಯಿಲ್ಲ. ಆ ವರ್ಷ ನೇಜಿ ಕೊಳೆಯುತ್ತದೆ. ಮರುವರ್ಷ ಮೇಲಿನ ಮನೆಯವರು ಬೇಸಾಯ ಬಿಡುತ್ತಾರೆ. ಗದ್ದೆ ಹಡಿಲು ಬೀಳುತ್ತದೆ. ಹಡಿಲು ಬಿದ್ದ ಗದ್ದೆಗೆ ದಲ್ಲಾಳಿ ಬರುತ್ತಾನೆ. ಮಣ್ಣು ತುಂಬಿದವನ ಹೆಸರಿನಲ್ಲಿದ್ದದ್ದು ಮೂವತ್ತು ಸೆಂಟ್ಸ್ ಇರಬಹುದು, ಸತ್ತದ್ದು ಇಡೀ ಬೈಲು. ಅವನ ಕೈಯಲ್ಲಿ ಕನ್ವರ್ಶನ್ ಆದೇಶ ಇದೆ, ಎಲ್ಲವೂ ಕಾನೂನು ಪ್ರಕಾರ. ಮೇಲಿನ ಮನೆಯ ಹೆಂಗಸು ಕಚೇರಿಗೆ ಹೋಗಿ ಕೇಳಿದರೆ, ಅದು ಅವರ ಪಟ್ಟಾ ಜಾಗ, ನಾವೇನು ಮಾಡುವುದು ಅಮ್ಮಾ ಎಂಬ ಉತ್ತರ. ನೀರಿಗೆ ಪಟ್ಟಾ ಯಾರ ಹೆಸರಿನಲ್ಲಿದೆ ಎಂದು ಆ ಕಚೇರಿಯ ಯಾವ ಕಡತವೂ ಹೇಳುವುದಿಲ್ಲ.

ಸುಗ್ಗಿ, ಕೊಳಕೆ ಬೆಳೆ ಇದ್ದಷ್ಟು ಕಾಲ ಪ್ರತಿ ಚಳಿಗಾಲಕ್ಕೆ ಊರವರೆಲ್ಲ ಸೇರಿ ತೋಡಿಗೆ ಕಟ್ಟ ಕಟ್ಟುತ್ತಿದ್ದರು. ಕಲ್ಲು, ಮಣ್ಣು, ಅಡಿಕೆ ಸಲಾಕೆ, ಸೊಪ್ಪು. ಆ ನೀರು ಗದ್ದೆಯಲ್ಲಿ ನಿಂತು, ಇಂಗಿ, ಮೇ ತಿಂಗಳಿನವರೆಗೂ ಬಾವಿಗಳನ್ನು ಹಿಡಿದಿಡುತ್ತಿತ್ತು. ಎರಡನೇ ಬೆಳೆ ಹೋಯಿತು, ಕಟ್ಟವೂ ಹೋಯಿತು. ಆಮೇಲೆ ಕೊಳವೆಬಾವಿಯ ಲಾರಿಗಳು ಬಂದವು. ಬಂಟ್ವಾಳ ತಾಲೂಕಿನ ತುಂಬೆ ಅಣೆಕಟ್ಟಿನಿಂದಲೇ ಮಂಗಳೂರು ನಗರ ಕುಡಿಯುವುದು. 2016, 2019, 2023ರ ಬೇಸಿಗೆಗಳಲ್ಲಿ ಅಲ್ಲಿ ನೀರಿನ ಮಟ್ಟ ಇಳಿದು ನಗರಕ್ಕೆ ಸರದಿಯಂತೆ ನೀರು ಬಿಡಬೇಕಾಯಿತು. ಮಳೆ ತಡವಾಯಿತು ಎಂದು ಆಗೆಲ್ಲ ಹೇಳಿದರು. ನಾಲ್ಕು ತಿಂಗಳು ಎಡೆಬಿಡದೆ ಮಳೆ ಸುರಿಯುವ ಈ ನಾಡಿನಲ್ಲಿ ನೀರು ನಿಲ್ಲಿಸುತ್ತಿದ್ದ ಗದ್ದೆಗಳು ಎಲ್ಲಿ ಹೋದವು ಎಂದು ಯಾವ ಜನಪ್ರತಿನಿಧಿಯೂ ಗಟ್ಟಿಯಾಗಿ ಕೇಳಲಿಲ್ಲ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿಯ ಚಾರ್ಮಾಡಿ, ದಿಡುಪೆ, ಮಲವಂತಿಗೆ ಭಾಗದಲ್ಲಿ ಹೊಳೆಗಳು ಗದ್ದೆ ತೋಟಗಳ ಮೇಲೆ ಮರಳು, ಬಂಡೆ, ಮರ ತಂದು ಹಾಕಿದಾಗ ಇಡೀ ಜಿಲ್ಲೆ ಮರುಗಿತು. ಹೊಳೆ ಒಮ್ಮೆ ಮಾಡಿದ್ದನ್ನು ನಾವು ದಿನಾ, ಬಿಲ್ಲು ಮಾಡಿಸಿ ಮಾಡುತ್ತಿದ್ದೇವೆ. ಇದಕ್ಕೆ ಮರುಗುವವರಿಲ್ಲ.

ಹೊಳೆ ದಾಟಿ ದಕ್ಷಿಣಕ್ಕೆ ಹೋದರೆ ಕಾಸರಗೋಡು. ಮಾತು ನಮ್ಮದೇ, ಮಣ್ಣು ನಮ್ಮದೇ, ಭೂತಗಳೂ ನಮ್ಮವೇ. ಅಲ್ಲಿ 2008ರಿಂದ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣೆಗೆಂದೇ ಕೇರಳದ ಕಾಯ್ದೆ ಇದೆ. ಗದ್ದೆಗೆ ಸುಮ್ಮನೆ ಮಣ್ಣು ಹಾಕುವುದು ಅಪರಾಧ. ಆ ಕಾಯ್ದೆಗೂ ತೂತು ಕೊರೆದಿದ್ದಾರೆ, 2018ರಲ್ಲಿ ಸಡಿಲಿಸಿದ್ದಾರೆ, ನನಗೆ ಗೊತ್ತು. ಆದರೂ ಗದ್ದೆಗೆ ಅಲ್ಲೊಂದು ಕಾನೂನಿನ ಹೆಸರಾದರೂ ಇದೆ. ನಮ್ಮಲ್ಲಿ ಇರುವುದು 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ. ಅರ್ಜಿ ಹಾಕು, ಶುಲ್ಕ ಕಟ್ಟು, ಗದ್ದೆಯನ್ನು ಸೈಟು ಮಾಡು. ಅದು ಸಾಲದೆಂದು 2020ರಲ್ಲಿ ಭೂಸುಧಾರಣಾ ಕಾಯ್ದೆಯ 79-ಎ, 79-ಬಿ ಕಲಂಗಳನ್ನೇ ಕಿತ್ತುಹಾಕಿ, ಕೃಷಿಕರಲ್ಲದವರಿಗೂ ಕೃಷಿಭೂಮಿಯ ಬಾಗಿಲು ತೆರೆದರು.

ಈ ನೆಲದಲ್ಲಿ ನಿಂತು ಅದನ್ನು ಮಾಡಿದ್ದು ಎಂಥ ದ್ರೋಹ ಎಂದು ಗೊತ್ತಾಗಬೇಕಾದರೆ 1974 ನೆನಪಿರಬೇಕು. ಉಳುವವನೇ ಒಡೆಯ ಎಂದು ಕಾನೂನು ಬಂದಾಗ ಅದು ಅತ್ಯಂತ ಗಟ್ಟಿಯಾಗಿ ಬೇರೂರಿದ್ದು ದಕ್ಷಿಣ ಕನ್ನಡದಲ್ಲಿ. ತಲೆತಲಾಂತರದಿಂದ ಗೇಣಿ ಅಳೆದುಕೊಟ್ಟು ಬೆನ್ನು ಬಾಗಿದವರು ಡಿಕ್ಲರೇಶನ್ ಕೊಟ್ಟು ಭೂಮಿ ಪಡೆದರು. ಆ ಗದ್ದೆಯ ಅನ್ನ ತಿಂದೇ ಅವರ ಮಕ್ಕಳು ಓದಿದರು, ಮುಂಬಯಿಗೆ ಹೋದರು, ಕೊಲ್ಲಿಗೆ ಹೋದರು. ಹಳೆಯ ಗುತ್ತುಬರ್ಕೆ ಮನೆತನಗಳ ವೈಭವ ಮರಳಿ ಬರಲಿ ಎಂದು ಅಳುವವನು ನಾನಲ್ಲ. ಆ ಕಾಲದ ಕಂಬಳಗದ್ದೆಯಲ್ಲಿ ಕೊರಗರನ್ನು ಮನುಷ್ಯರೆಂದು ಕಂಡಿರಲಿಲ್ಲ. ಅವರನ್ನು ಹೀನಾಯವಾಗಿ ನಡೆಸಿಕೊಳ್ಳುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಬರಲು 2000ನೇ ಇಸವಿಯೇ ಬೇಕಾಯಿತು. ಆ ಅವಮಾನ ತೊಳೆದು, ಗೇಣಿಯ ನೊಗ ಮುರಿದು, ಗದ್ದೆಯನ್ನು ದುಡಿದವರ ಕೈಗೆ ಕೊಡಿಸಿದ ಹೋರಾಟದ ಫಲ ಇದು. ಅರ್ಧ ಶತಮಾನ ಕಳೆಯುವಷ್ಟರಲ್ಲೇ ಅದೇ ಗದ್ದೆ ಸೆಂಟ್ಸಿನ ಲೆಕ್ಕದಲ್ಲಿ ಮತ್ತೆ ದುಡ್ಡಿದ್ದವನ ಪಾಲಾಗುತ್ತಿದೆ.

ಗದ್ದೆ ಮಾರಿದ ಮುದುಕಿಯ ಮೇಲೆ ನನಗೆ ಸಿಟ್ಟಿಲ್ಲ. ನೆಡಲು ಆಳಿಲ್ಲ, ಹಂದಿ ನವಿಲು ಬಿಡುವುದಿಲ್ಲ, ಮಕ್ಕಳು ಊರಲ್ಲಿಲ್ಲ. ಬೆಳೆದ ಭತ್ತಕ್ಕೆ ಸರಕಾರದ ಖರೀದಿ ಕೇಂದ್ರ ಬಾಗಿಲು ತೆರೆಯುವ ಹೊತ್ತಿಗೆ ಅದು ಮಿಲ್ಲಿಗೆ ಹೋಗಿ ಮುಗಿದಿರುತ್ತದೆ. ಕುಚ್ಚಲಕ್ಕಿ ಇಲ್ಲದೆ ಉಣ್ಣದ ಜಿಲ್ಲೆ ಇದು. ಇಡೀ ಜಿಲ್ಲೆಯ ಮುಂಗಾರಿನ ಭತ್ತ ಹತ್ತು ಸಾವಿರ ಹೆಕ್ಟೇರಿನ ಆಸುಪಾಸಿಗೆ ಇಳಿದಿದೆ. ಗದ್ದೆಗೆ ಅಡಿಕೆ ಇಟ್ಟವನ ಕಷ್ಟವೂ ನನಗೆ ಅರ್ಥವಾಗುತ್ತದೆ, ಅವನು ಹೊಟ್ಟೆಪಾಡು ನೋಡಿದ. ಸಿಟ್ಟು ಇರುವುದು ಗದ್ದೆ ಉಳಿಸಲು ಬೇಕಾದ ಒಂದು ರೂಪಾಯಿಯನ್ನೂ ದೊರಕಿಸಿಕೊಡದೆ, ಅದರ ಹೆಸರಿನ ಉತ್ಸವಕ್ಕೆ ಅನುದಾನ ಹೊಂದಿಸಿಕೊಟ್ಟು ಶಾಲು ಹೊದೆಸಿಕೊಳ್ಳುವವರ ಮೇಲೆ. ಹಗಲು ಲೇಔಟಿನ ಪೂಜೆಗೆ ಹೋಗಿ ಕಾಯಿ ಒಡೆದು, ರಾತ್ರಿ ಕಂಬಳದ ವೇದಿಕೆಯಲ್ಲಿ ಮಣ್ಣಿನ ಸಂಸ್ಕೃತಿ ಎಂದು ಭಾಷಣ ಬಿಗಿಯುವವರ ಮೇಲೆ.

ಆಟಿ ತಿಂಗಳಲ್ಲಿ ಇನ್ನೊಂದು ಶುರುವಾಗಿದೆ, ಕೆಸರ್‌ಡ್ ಒಂಜಿ ದಿನ, ಅಂದರೆ ಕೆಸರಿನಲ್ಲಿ ಒಂದು ದಿನ. ಯುವಕ ಮಂಡಲ, ಕಾಲೇಜು, ಜಾತಿ ಸಂಘ ಎಲ್ಲರೂ ಒಂದೊಂದು ಗದ್ದೆ ಹುಡುಕಿ, ನೀರು ಬಿಟ್ಟು, ಟಿಲ್ಲರ್ ಹೊಡೆಸಿ, ಹಗ್ಗಜಗ್ಗಾಟ, ಓಟ, ವಾಲಿಬಾಲು ಆಡಿ ಮೈಗೆಲ್ಲ ಕೆಸರು ಬಳಿದುಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. ಮಕ್ಕಳ ಕಾಲಿಗೆ ಕೆಸರು ತಾಗಿದ್ದು ಒಳ್ಳೆಯದೇ. ಆದರೆ ಉತ್ತು ಹದವಾದ ಆ ಗದ್ದೆಯಲ್ಲಿ ಮರುದಿನ ಒಂದು ಹಿಡಿ ನೇಜಿ ಊರದೆ ಹೊರಟುಹೋಗುತ್ತೀರಲ್ಲ, ಅನ್ನದ ಗದ್ದೆಯನ್ನು ಆಟದ ಅಂಗಳ ಮಾಡಿ ಬಿಟ್ಟುಹೋಗಲು ನಿಮಗೆ ಮನಸ್ಸಾದರೂ ಹೇಗೆ ಬರುತ್ತದೆ? ಓಬೇಲೆ ಹಾಡುತ್ತ ನೆಟ್ಟ ಹೆಂಗಸರು ಇನ್ನೂ ನಿಮ್ಮ ಊರಲ್ಲಿ ಬದುಕಿದ್ದಾರೆ. ಅವರನ್ನು ಕರೆದು ಸನ್ಮಾನ ಮಾಡುವ ಬದಲು ಒಂದು ದಿನ ಅವರ ಹಿಂದೆ ನಿಂತು ನೆಡಿ.

ಮಾಡಿದರೆ ಆಗುತ್ತದೆ ಎನ್ನುವುದಕ್ಕೆ ಪುರಾವೆ ದೂರದಲ್ಲಿಲ್ಲ. ಬೆಳ್ತಂಗಡಿಯ ಮಿತ್ತಬಾಗಿಲಿನಲ್ಲಿ ಬಿ.ಕೆ. ದೇವರಾಯರು ನೂರಕ್ಕೂ ಹೆಚ್ಚು ಭತ್ತದ ತಳಿಗಳನ್ನು ವರ್ಷವರ್ಷವೂ ಬಿತ್ತಿ ಉಳಿಸಿಕೊಂಡು ಬಂದಿದ್ದಾರೆ. ಅವರ ಬೆನ್ನಿಗೆ ಯಾವ ಹೊನಲು ಬೆಳಕೂ ಇರಲಿಲ್ಲ. ಉಡುಪಿಯಲ್ಲಿ 2021ರಲ್ಲಿ ಹಡಿಲು ಗದ್ದೆಗಳನ್ನು ಹುಡುಕಿ ಹುಡುಕಿ ಸಾವಿರಕ್ಕೂ ಹೆಚ್ಚು ಎಕರೆ ಮತ್ತೆ ನೆಟ್ಟರು. ಪಕ್ಷ ಯಾವುದು, ಶಾಸಕರು ಯಾರು ಎಂಬುದು ನನಗೆ ಬೇಕಿಲ್ಲ. ಅಲ್ಲಿ ಆಗಿದ್ದು ಇಲ್ಲಿ ಯಾಕೆ ಆಗುವುದಿಲ್ಲ?

2020ರ ಫೆಬ್ರುವರಿಯಲ್ಲಿ ಐಕಳದ ಕರೆಯಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರನ್ನು ದೇಶವೇ ಉಸೇನ್ ಬೋಲ್ಟ್ ಜತೆ ತೂಗಿತು. ನೂರು ಮೀಟರಿಗೆ 9.55 ಎಂದು ಲೆಕ್ಕ ಹಾಕಿದರು, ದೆಹಲಿಯಿಂದ ಕರೆ ಬಂತು. ಆ ಓಟಗಾರ ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಕಟ್ಟಡ ಕೆಲಸ. ಮೂಡುಬಿದಿರೆಯ ಸುತ್ತಿನ ಗದ್ದೆಗಳು ಕೂಲಿ ಕೊಡುವುದನ್ನು ನಿಲ್ಲಿಸಿ, ಗದ್ದೆಯ ಮೇಲೆ ಏಳುವ ಕಟ್ಟಡಗಳು ಕೂಲಿ ಕೊಡುವ ಕಾಲದಲ್ಲಿ ಕಂಬಳದ ಅತಿ ವೇಗದ ಕಾಲುಗಳು ಕಲ್ಲು ಹೊರುವುದು ಸಹಜ. ಆ ಕಾಲುಗಳನ್ನು ಅಳೆದ ದೇಶ ಅವು ಹುಟ್ಟಿದ ಕೆಸರನ್ನು ಅಳೆಯಲಿಲ್ಲ.

ನಾವು ಹೋರಾಡಲು ಬಾರದವರೇನಲ್ಲ. 2014ರ ಮೇ 7ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಿಂದ ಕಂಬಳಕ್ಕೆ ಕುತ್ತು ಬಂದಾಗ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎದ್ದು ನಿಂತವು. 2017ರ ಜನವರಿಯಲ್ಲಿ ಮೂಡುಬಿದಿರೆಯ ಬೀದಿಯಲ್ಲಿ ಕೋಣಗಳನ್ನೇ ಹಿಡಿದುಕೊಂಡು ಸಾವಿರಾರು ಜನ ನಡೆದರು. ವಿಧಾನಸಭೆ ಮಸೂದೆ ತಂದಿತು, ಸುಗ್ರೀವಾಜ್ಞೆ ಬಂತು, ರಾಷ್ಟ್ರಪತಿಗಳ ಅಂಕಿತ ಬಿತ್ತು, 2023ರ ಮೇ 18ರಂದು ಸಂವಿಧಾನ ಪೀಠವೂ ಒಪ್ಪಿತು. ಒಂದು ಆಟಕ್ಕಾಗಿ ಒಂದು ಜಿಲ್ಲೆ ಒಂಬತ್ತು ವರ್ಷ ಪಟ್ಟು ಬಿಡಲಿಲ್ಲ. ಅದೇ ಒಂಬತ್ತು ವರ್ಷಗಳಲ್ಲಿ ಎಷ್ಟು ಬೈಲುಗಳು ಮುಚ್ಚಿಹೋದವು? ಅದಕ್ಕಾಗಿ ಒಂದು ಕೋಣವೂ ಬೀದಿಗಿಳಿಯಲಿಲ್ಲ, ಒಬ್ಬ ಶಾಸಕನೂ ಸದನದ ಬಾವಿಗಿಳಿಯಲಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಗದ್ದೆ ಉಳಿಸುವ ಕಾನೂನು ಕರ್ನಾಟಕಕ್ಕೂ ಬೇಕು. ಅದರ ಕರಡು ಹಿಡಿದು ವಿಧಾನಸೌಧಕ್ಕೆ ಹೋಗುವ ಹೊಣೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಶಾಸಕರದು. ಅದು ಬರುವವರೆಗೆ, ಬೈಲಿನ ಗದ್ದೆಯ ಕನ್ವರ್ಶನ್ ಅರ್ಜಿ ಬಂದಾಗ ಮೇಲಿನ ಗದ್ದೆಯವರಿಗೆ ನೋಟಿಸು ಕೊಡದೆ, ನೀರಿನ ದಾರಿ ನೋಡದೆ ಆದೇಶ ಹೊರಡಬಾರದು. ಮಣ್ಣು ಸಾಗಿಸುವ ಪ್ರತಿ ಟಿಪ್ಪರು ಎಲ್ಲಿ ತುಂಬಿತು, ಎಲ್ಲಿ ಸುರಿಯಿತು ಎಂಬುದು ಪಂಚಾಯಿತಿಯಲ್ಲಿ ದಾಖಲಾಗಬೇಕು. ಕಂಬಳ ಸಮಿತಿಗಳು ತಮ್ಮ ಕರೆಯಿರುವ ಗ್ರಾಮದಲ್ಲಿ ಹಡಿಲು ಬಿದ್ದ ಹತ್ತು ಎಕರೆಯನ್ನಾದರೂ ನೆಡಿಸಲಿ. ಅಷ್ಟು ಹಣ ಅವರ ಒಂದು ರಾತ್ರಿಯ ಖರ್ಚಿನಲ್ಲಿ ಹುಟ್ಟುತ್ತದೆ. ಗದ್ದೆ ಮುಚ್ಚಿ ಲೇಔಟ್ ಮಾಡಿದವರ ಹೆಸರು ಆಮಂತ್ರಣ ಪತ್ರಿಕೆಯಲ್ಲಿ ಅತಿಥಿಗಳ ಸಾಲಿನಲ್ಲಿ ಅಚ್ಚಾಗಬಾರದು. ಮತ್ತು 2020ರಿಂದ ಈಚೆಗೆ ಪ್ರತಿ ಗ್ರಾಮದಲ್ಲಿ ಯಾವ ಯಾವ ಸರ್ವೆ ನಂಬರಿನ ನಂಜ, ಅಂದರೆ ಗದ್ದೆ, ಜಮೀನು ಕನ್ವರ್ಶನ್ ಆಗಿದೆ ಎಂಬ ಪಟ್ಟಿ ಪಂಚಾಯಿತಿಯ ಗೋಡೆಯ ಮೇಲೆ ಅಂಟಿಸಲಿ. ನಮ್ಮ ಊರಿನ ಮುಂದಿನ ಗ್ರಾಮಸಭೆಯಲ್ಲಿ ನಾನು ಈ ಪಟ್ಟಿಯನ್ನು ಬರವಣಿಗೆಯಲ್ಲಿ ಕೇಳುತ್ತೇನೆ. ಕಂಬಳಕ್ಕಾಗಿ 2017ರಲ್ಲಿ ಬೀದಿಗಿಳಿದವರು ಒಬ್ಬೊಬ್ಬರೂ ತಮ್ಮ ತಮ್ಮ ಗ್ರಾಮಸಭೆಯಲ್ಲಿ ಇದನ್ನೇ ಕೇಳಲಿ.