ನಿಸ್ತಂತು ಜಾಲವೂ ನಮ್ಮ ಹಳ್ಳಿಯ ಶಾಲೆಗಳೂ

ವಿದ್ಯೆಯು ತಂತಿಯ ನೆರವಿಲ್ಲದೆ ದೂರದಿಂದ ಬರುವುದು ರಾಯಚೂರು ಜಿಲ್ಲೆಗೆ ಹೊಸತಲ್ಲ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎ.ಟಿ.ಎಸ್.-6 ಉಪಗ್ರಹವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳನ್ನು ಮುಟ್ಟಿಸಿತು. ಅವುಗಳಲ್ಲಿ ನಮ್ಮ ಜಿಲ್ಲೆಯ ಹಳ್ಳಿಗಳೂ ಇದ್ದವು. ವರ್ಷ ತುಂಬಿತು, ಉಪಗ್ರಹವು ಬೇರೆಡೆಗೆ ಸರಿಯಿತು, ಅದರ ಪಾಠವೂ ನಿಂತಿತು.

ಅಂದು ಹಳ್ಳಿಗರು ನೋಡಿ ಕೇಳಬಹುದಿತ್ತಷ್ಟೆ. ಇಂದಿನ ದೂರಗಾಮಿ ನಿಸ್ತಂತು ಬ್ರಾಡ್‌ಬ್ಯಾಂಡಿನಲ್ಲಿ ವಿದ್ಯಾರ್ಥಿಯು ಮರುಪ್ರಶ್ನೆಯನ್ನೂ ಕೇಳಬಲ್ಲನು. ಗೋಪುರದಿಂದ ಹೊರಟ ರೇಡಿಯೊ ಅಲೆಯನ್ನು ಶಾಲೆಯ ಮಾಳಿಗೆಯ ಮೇಲಣ ಆಂಟೆನಾ ಹಿಡಿಯುತ್ತದೆ. ನಡುವೆ ನೆಲವನ್ನಗೆದು ತಂತಿ ಹೂಳಬೇಕಾಗಿಲ್ಲ. ವೈಮ್ಯಾಕ್ಸ್ ಎಂಬ ಪದ್ಧತಿಯು 50 ಕಿಲೋಮೀಟರು ಮುಟ್ಟುವುದೆಂದು ಹಿಂದೆ ಸಾರಿದ್ದುಂಟು. ಆ ಮಾತು ವ್ಯವಹಾರದಲ್ಲಿ ನಿಲ್ಲಲಿಲ್ಲ. ದೂರ ಹೆಚ್ಚಿದಂತೆ ವೇಗ ಕುಗ್ಗುವುದು, ಗುಡ್ಡ ಅಡ್ಡವಾದರೆ ಅಲೆ ಕ್ಷೀಣಿಸುವುದು, ಒಂದು ಗೋಪುರದ ವೇಗವನ್ನು ಹಲವರು ಹಂಚಿಕೊಳ್ಳಬೇಕಾಗುವುದು. ಮಾನ್ವಿಯ ಕಾಲುವೆಯ ಬಯಲಿನಲ್ಲಿ ಅದು ಸಲೀಸಾಗಿ ಸಾಗೀತು. ದೇವದುರ್ಗದ ಕಲ್ಲುಗುಡ್ಡಗಳಲ್ಲಿ ಹಾಗಲ್ಲ. ಹೆಸರಿನಲ್ಲಿಯೇ ದುರ್ಗವಿದೆಯಷ್ಟೆ!

ಆದುದರಿಂದ ಗೋಪುರಗಳನ್ನು ಮೊದಲು ದೇವದುರ್ಗದ ಕಡೆಯಲ್ಲಿಯೇ ಎತ್ತಬೇಕೆಂಬುದು ನನ್ನ ಮತ. ರಾಯಚೂರು ನಗರಕ್ಕೆ ತಂತಿಯಾದರೂ ಬಂದೀತು. ಅಲೆಯೊಡನೆ ಕನ್ನಡದ ಪಾಠಗಳೂ, ಅವುಗಳನ್ನು ಬಳಸಬಲ್ಲ ಉಪಾಧ್ಯಾಯರೂ, ಯಂತ್ರ ಕೆಟ್ಟ ವಾರದಲ್ಲಿಯೇ ಬಂದು ಸರಿಪಡಿಸುವ ಊರಿನವನೊಬ್ಬನೂ ಬೇಕು. ಆತನ ಸಂಬಳವನ್ನು ಮೊದಲ ವರ್ಷಕ್ಕೆ ಮಾತ್ರ ಗೊತ್ತುಮಾಡಬಾರದು.