ಪಿಗ್ಮಿಗೆ ಬೀಗ ಬಿದ್ದಿದ್ದರೆ?

ಉಡುಪಿ, ಕಾಪು, ಕಾರ್ಕಳದ ಪೇಟೆಗಳಲ್ಲಿ ಅಂಗಡಿಯಿಂದ ಅಂಗಡಿಗೆ ನಡೆಯುವ ಪಿಗ್ಮಿ ಸಂಗ್ರಾಹಕರನ್ನು ನಾವು ಕಂಡಿದ್ದೇವೆ. ಈ ಪದ್ಧತಿಯು 1928ರಲ್ಲಿ ಉಡುಪಿಯಲ್ಲಿಯೇ ಹುಟ್ಟಿತು. ಉಪೇಂದ್ರ ಪೈ, ಟಿ.ಎಂ.ಎ. ಪೈ ಹಾಗೂ ವಾಮನ ಕುಡ್ವರು 1925ರಲ್ಲಿ ಸ್ಥಾಪಿಸಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು ಜನರ ಮನೆಬಾಗಿಲಿಗೇ ಹೋಗಿ, ದಿನಕ್ಕೆ ಎರಡಾಣೆಯಂಥ ಅಲ್ಪ ಹಣವನ್ನೂ ಠೇವಣಿಯಾಗಿ ಸ್ವೀಕರಿಸಿತು.

ಇದು ಯಂತ್ರವಲ್ಲ, ವ್ಯವಹಾರದ ಒಂದು ವಿಧಾನ. ಇಂಥದಕ್ಕೆ ಪೇಟೆಂಟ್ ಸಲ್ಲುವುದೇ? ಅಮೆರಿಕದಲ್ಲಿ ಸಂದಿತು. ಗಣಕಯಂತ್ರದಲ್ಲಿ ಒಂದೇ ಕ್ಲಿಕ್ಕಿಗೆ ಸರಕು ಕೊಳ್ಳುವ ವಿಧಾನಕ್ಕೆ ಅಮೆಜಾನ್ ಸಂಸ್ಥೆಯು 1999ರಲ್ಲಿ ಪೇಟೆಂಟ್ ಪಡೆದು, ಪ್ರತಿಸ್ಪರ್ಧಿ ಪುಸ್ತಕ ಸಂಸ್ಥೆಯೊಂದನ್ನು ನ್ಯಾಯಾಲಯಕ್ಕೆ ಎಳೆಯಿತು. ಆ ಸಂಸ್ಥೆಯು ತನ್ನ ಗ್ರಾಹಕರಿಗೆ ಇನ್ನೊಂದು ಕ್ಲಿಕ್ಕಿನ ತೊಡಕನ್ನು ಸೇರಿಸಬೇಕಾಯಿತು!

ಪೇಟೆಂಟ್ ಒಂದು ಒಡಂಬಡಿಕೆ. ಶೋಧಕನು ತನ್ನ ಗುಟ್ಟನ್ನು ಸಮಾಜಕ್ಕೆ ತಿಳಿಸುತ್ತಾನೆ. ಸಮಾಜವು ಅವನಿಗೆ 20 ವರ್ಷಗಳ ಏಕಸ್ವಾಮ್ಯವನ್ನು ನೀಡುತ್ತದೆ. ಬೀದಿಯಲ್ಲಿ ಎಲ್ಲರ ಕಣ್ಣೆದುರು ನಡೆಯುವ ಪಿಗ್ಮಿಯಲ್ಲಿ ಗುಟ್ಟೇನಿದೆ? ಇಂದಿನ ಈ ಲೆಕ್ಕದಂತೆ ಅಂದು ಅದಕ್ಕೆ ಬೀಗ ಬಿದ್ದಿದ್ದರೆ, 1948ರವರೆಗೆ ಬೇರೆ ಯಾವ ಸಂಸ್ಥೆಯೂ ಈ ಬಗೆಯಲ್ಲಿ ಬಡವರ ಬಾಗಿಲಿಗೆ ಬರುವಂತಿರಲಿಲ್ಲ.

ವ್ಯವಹಾರ ವಿಧಾನವು ಆವಿಷ್ಕಾರವಲ್ಲವೆಂದು ನಮ್ಮ 1970ರ ಪೇಟೆಂಟ್ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯು ವಿಧಿಸಿದೆ. ಇದು ಉಚಿತವೆಂದೇ ನಮ್ಮ ಭಾವನೆ.

ಮೊದಲು ಯೋಚಿಸಿದವರಿಗೆ ಇದರಿಂದ ನಷ್ಟವಲ್ಲವೇ ಎಂದು ಕೆಲವರು ಕೇಳಬಹುದು. ಇತರರು ಅನುಕರಿಸಿದರೂ ಆ ಬ್ಯಾಂಕು ಬೆಳೆಯಿತು, ಮಣಿಪಾಲದಲ್ಲಿ ಪ್ರಧಾನ ಕಚೇರಿಯನ್ನು ಹೊಂದಿತು. 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದರೂ ಪಿಗ್ಮಿ ಉಳಿದಿದೆ. ವ್ಯಾಪಾರ ಕಾಯಕದಲ್ಲಿರುವ ಸದ್ಭಕ್ತರು ಒಳ್ಳೆಯ ಕ್ರಮವನ್ನು ಕಂಡಲ್ಲಿ ಸಂಕೋಚವಿಲ್ಲದೆ ಕಲಿಯಲಿ. ತಾವು ಕಂಡುಕೊಂಡುದನ್ನು ನೆರೆಯವರಿಗೂ ಕಲಿಸಲಿ.