ತಾತನ ಉಸಿರು ಎಣಿಸೋಣವೇ?

ನಮ್ಮ ಧನಗೆರೆಯಲ್ಲಿ ಯಾರಿಗಾದರೂ ಮೈ ಸರಿಯಿಲ್ಲ ಎಂದರೆ ಮೊದಲು ಹಣೆ ಮುಟ್ಟುತ್ತಾರೆ. ಬಿಸಿ ಇಲ್ಲದಿದ್ದರೆ "ಏನಿಲ್ಲ ಬಿಡಿ, ಮಲಗಲಿ" ಎನ್ನುತ್ತಾರೆ. ನಾನು ಹೇಳುವುದು, ಹಣೆ ಮುಟ್ಟಿದ ಮೇಲೆ ಎದೆಯನ್ನೂ ನೋಡಿ. ವಯಸ್ಸಾದವರಿಗೆ ನ್ಯುಮೋನಿಯಾ ಬಂದಾಗ ಕೆಲವೊಮ್ಮೆ ಜ್ವರವೇ ಇರುವುದಿಲ್ಲ. ಉಸಿರಿನ ವೇಗ ಮಾತ್ರ ಏರಿರುತ್ತದೆ.

ಮಕ್ಕಳೇ, ಇದನ್ನು ನೀವೇ ಕಂಡುಹಿಡಿಯಬಹುದು. ಸೆಕೆಂಡ್ ಮುಳ್ಳಿರುವ ಗಡಿಯಾರ ಇದ್ದರೆ ಸಾಕು. ತಾತ ಸುಮ್ಮನೆ ಕೂತಿರುವಾಗ ಎದೆ, ಹೊಟ್ಟೆ ನೋಡಿ. ಒಮ್ಮೆ ಏರಿ ಇಳಿದರೆ ಒಂದು ಉಸಿರು. ಪೂರ್ತಿ ಒಂದು ನಿಮಿಷ ಎಣಿಸಿ. ಹತ್ತೇ ಸೆಕೆಂಡ್ ಎಣಿಸಿ ಆರರಿಂದ ಗುಣಿಸಿದರೆ, ಒಂದು ಉಸಿರು ತಪ್ಪಿದರೂ ಲೆಕ್ಕದಲ್ಲಿ ಆರು ತಪ್ಪುತ್ತದೆ. ಎಣಿಸುತ್ತೇನೆ ಎಂದು ಮೊದಲೇ ಹೇಳಬೇಡಿ. ಗೊತ್ತಾದರೆ ಉಸಿರಾಟ ತಾನಾಗಿ ಬದಲಾಗುತ್ತದೆ. ಹೊಲದಿಂದ ನಡೆದು ಬಂದ ಕೂಡಲೇ ಎಣಿಸುವುದೂ ಬೇಡ.

ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಉಸಿರು ಸಾಮಾನ್ಯ. 25 ಮುಟ್ಟಿದರೆ ಅಂದೇ ವೈದ್ಯರಿಗೆ ತೋರಿಸಿ. 30 ಆದರೆ ತಡ ಮಾಡಲೇಬೇಡಿ. 8ಕ್ಕೆ ಇಳಿದರೂ ಅಷ್ಟೇ ಅಪಾಯ.

ಅಜ್ಜಿಯರೇ, ಕೂಸಿನ ಲೆಕ್ಕ ಬೇರೆ. ಹುಟ್ಟಿದ ಮಗು 30ರಿಂದ 60 ಸಲ ಉಸಿರಾಡುವುದು ಸಹಜ. ಆದರೆ ಕೆಮ್ಮಿರುವ ಮಗುವಿಗೆ ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಮುಟ್ಟಿದರೆ ಅದು ವೇಗದ ಉಸಿರು. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯೂ ಇದೇ.

ಎಣಿಸುತ್ತಲೇ ಕಿವಿಗೊಟ್ಟು ಕೇಳಿ. ಉಸಿರು ಬಿಡುವಾಗ 'ಸುಯ್' ಎಂದರೆ ಉಬ್ಬಸವಿರಬಹುದು. ನಮ್ಮ ಕೊಳ್ಳೇಗಾಲದ ಕಡೆ ರೇಷ್ಮೆ ನೂಲು ಬಿಚ್ಚುವ ಕೆಲಸದ ಆವಿ, ಹುಡಿಯಿಂದಲೂ ಕೆಲವರಿಗೆ ಇದು ಬರುತ್ತದೆ. ಇನ್ನೊಂದು ಬಗೆಯಿದೆ: ಉಸಿರು ಆಳವಾಗುತ್ತಾ ಹೋಗಿ, ಮತ್ತೆ ಸಣ್ಣದಾಗಿ, ಸ್ವಲ್ಪ ಹೊತ್ತು ನಿಂತೇಹೋಗಿ, ಪುನಃ ಶುರುವಾಗುತ್ತದೆ. 1818ರಲ್ಲಿ ಡಬ್ಲಿನ್ನಿನ ವೈದ್ಯ ಜಾನ್ ಚೈನ್ ಇದನ್ನು ಬರೆದಿಟ್ಟರು. ಹೃದಯ ಸೋತವರಲ್ಲಿ, ಪಾರ್ಶ್ವವಾಯು ಆದವರಲ್ಲಿ ಇದು ಕಾಣುತ್ತದೆ. ಗೊರಕೆ ಎಂದುಕೊಂಡು ಬಿಡಬೇಡಿ.

ತುಟಿ ನೀಲಿಯಾದರೆ, ಒಂದು ವಾಕ್ಯ ಮುಗಿಸಲಾರದಷ್ಟು ಏದುಸಿರಿದ್ದರೆ, ಮಗುವಿನ ಪಕ್ಕೆ ಒಳಕ್ಕೆ ಸೆಳೆದುಕೊಳ್ಳುತ್ತಿದ್ದರೆ, ಎಬ್ಬಿಸಿದರೂ ಏಳದಂತೆ ಮಂಪರಿದ್ದರೆ ಕೂಡಲೇ 108ಕ್ಕೆ ಫೋನ್ ಮಾಡಿ. ನಿಮಿಷಕ್ಕೆ ಎಷ್ಟು ಉಸಿರು ಎಂಬುದನ್ನೂ ಹೇಳಿ. ಎಚ್ಚರವಿರುವವರನ್ನು ಒರಗಿಸಿ ಕೂರಿಸಿ. ಮಂಪರಿನಲ್ಲಿರುವವರ ಬಾಯಿಗೆ ನೀರು ಹಾಕಬೇಡಿ.

ಈ ವಾರ ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿರುವಾಗಲೇ ಒಬ್ಬೊಬ್ಬರ ಉಸಿರು ಎಣಿಸಿ, ಕ್ಯಾಲೆಂಡರಿನ ಹಿಂದೆ ಬರೆದಿಡಿ. ತಾತನದು 16 ಎಂದು ಗೊತ್ತಿದ್ದರೆ, 26 ಆದ ದಿನ ನಿಮಗೇ ಮೊದಲು ತಿಳಿಯುತ್ತದೆ.